ಮಣ್ಣು ಪರೀಕ್ಷೆ ಸೇವೆ: ನಮ್ಮ ಎರಿ (ಕಪ್ಪು)-ಮಸಾರಿ (ಕೆಂಪು) ಹೊಲಗಳಿಗೆ ಅದರಿಂದ ಎಷ್ಟು ಉಪಯೋಗ?

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ರೈತರಿಗೆ ಮಣ್ಣು ಪರೀಕ್ಷೆ ಮಾಡಿಸಲು ಈಗ ಹಲವು ದಾರಿಗಳಿವೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣು ಕೊಟ್ಟರೆ ಅದು ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಹೋಗುತ್ತದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಸೈದಾಪುರ, ಹುಲಕೋಟಿ, ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಇವಲ್ಲದೆ ಖಾಸಗಿ ಲ್ಯಾಬ್‌ಗಳು, ಆನ್‌ಲೈನ್‌ನಲ್ಲಿ ಮಾರುವ ಕೈ ಮೀಟರುಗಳು. ಇವನ್ನು ಅಳೆಯಲು ನಾವು ಇಟ್ಟುಕೊಂಡ ಪ್ರಶ್ನೆ ಒಂದೇ: ವರದಿ ಕೈಗೆ ಬಂದ ಮೇಲೆ ರೈತ ಹೊಲಕ್ಕೆ ಹಾಕುವ ಗೊಬ್ಬರದಲ್ಲಿ ಏನಾದರೂ ಬದಲಾವಣೆ ಆಗುತ್ತದೆಯೇ? ಆಗದಿದ್ದರೆ ಆ ಕಾಗದ ಕಪಾಟಿನಲ್ಲಿ ಬಿದ್ದಿರುತ್ತದೆ, ಅಷ್ಟೆ.

ನಮ್ಮ ಅಭಿಪ್ರಾಯ ಮೊದಲೇ ಹೇಳುತ್ತೇವೆ. ಸೇವೆ ಒಳ್ಳೆಯದು, ಪ್ರತಿಯೊಬ್ಬ ರೈತ ಬಳಸಲೇಬೇಕಾದದ್ದು. ಆದರೆ ಅದರ ಗುಣಮಟ್ಟ ಲ್ಯಾಬಿಗಿಂತ ಹೆಚ್ಚಾಗಿ ನೀವು ಒಯ್ದುಕೊಡುವ ಅರ್ಧ ಕಿಲೋ ಮಣ್ಣಿನ ಮೇಲೆ ನಿಂತಿದೆ. ಸಾರಜನಕದ ಅಂಕಿ ಬಿಟ್ಟರೆ ಉಳಿದವನ್ನು ನಂಬಿ ಗೊಬ್ಬರ ಲೆಕ್ಕ ಹಾಕಬಹುದು. ಮಣ್ಣಿನ ರಚನೆ, ಗಟ್ಟಿತನ, ನೀರು ಇಂಗುವ ಗುಣ ಇವು ಯಾವ ಮಣ್ಣು ಆರೋಗ್ಯ ಕಾರ್ಡಿನಲ್ಲೂ, ಅಂದರೆ ಪರೀಕ್ಷೆಯ ವರದಿಯಲ್ಲೂ, ಬರುವುದಿಲ್ಲ. ಅವನ್ನು ಹೊಲದಲ್ಲೇ ನೋಡಿಕೊಳ್ಳಬೇಕು.

ಉಚಿತ ಕಾರ್ಡ್ ಯಾರ ಹೊಲದ್ದು?

ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರ ಫೆಬ್ರುವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಶುರುವಾಯಿತು. ಕಾರ್ಡಿನಲ್ಲಿ ಹನ್ನೆರಡು ಅಂಶಗಳಿರುತ್ತವೆ: ಪಿಎಚ್ (ಹುಳಿ-ಕ್ಷಾರದ ಅಳತೆ), ಇಸಿ (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ), ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಇಷ್ಟನ್ನೂ ಒಂದೇ ಕಾಗದದಲ್ಲಿ ಕೊಡುವುದು ಸಣ್ಣ ವಿಷಯವಲ್ಲ. ಅದಕ್ಕೂ ಮೊದಲೇ ನಮ್ಮ ಭಾಗಕ್ಕೆ ಇದರ ಬೆಲೆ ತಿಳಿದಿತ್ತು. 2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಆರಂಭಿಸಿದ ಭೂಚೇತನ ಕಾರ್ಯಕ್ರಮದ ಮೊದಲ ಹಂತದಲ್ಲೇ ಧಾರವಾಡ, ಹಾವೇರಿ ಜಿಲ್ಲೆಗಳಿದ್ದವು. ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿದೆ ಎಂಬುದನ್ನು ರೈತರ ಮುಂದಿಟ್ಟದ್ದು ಆ ಕಾರ್ಯಕ್ರಮವೇ.

ಕಾರ್ಡಿನ ದೊಡ್ಡ ಮಿತಿ ಗ್ರಿಡ್, ಅಂದರೆ ಭೂಮಿಯನ್ನು ಚೌಕಗಳಾಗಿ ಹಂಚಿ ಚೌಕಕ್ಕೊಂದೇ ಮಾದರಿ ತೆಗೆಯುವ ಪದ್ಧತಿ. 2015–17 ಮತ್ತು 2017–19ರ ಎರಡು ಸುತ್ತುಗಳಲ್ಲಿ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ನಿಯಮವಿತ್ತು. ಹತ್ತು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ 25 ಎಕರೆ. ನರಗುಂದ, ನವಲಗುಂದದ ಒಂದೇ ಸಮನೆ ಹಾಸಿದ ಎರಿ ಭೂಮಿಯಲ್ಲಿ ಇದು ಹೇಗೋ ನಡೆದೀತು. ಧಾರವಾಡ, ಶಿಗ್ಗಾವಿ, ಹಾನಗಲ್ ಕಡೆ ದಿನ್ನೆಯ ಮೇಲೆ ಮಸಾರಿ, ಇಳಿಜಾರಿನ ಕೆಳಗೆ ಎರಿ, ನಡುವೆ ಗರಸು (ಸಣ್ಣ ಕಲ್ಲಿನ ಮಣ್ಣು) ಇರುವ ಕಡೆ 25 ಎಕರೆಗೆ ಒಂದು ಅಂಕಿ ಎಂದರೆ ಅದು ಯಾರ ಹೊಲದ್ದೂ ಅಲ್ಲ. ಹೀಗಾಗಿ ನಿಮ್ಮ ಹೆಸರಿನಲ್ಲಿ ಹಳೆಯ ಕಾರ್ಡ್ ಇದ್ದರೆ ಅದನ್ನು ಊರಿನ ಸಾಮಾನ್ಯ ಸ್ಥಿತಿ ಎಂದು ಓದಿ. ಗೊಬ್ಬರದ ನಿರ್ಧಾರಕ್ಕೆ ನಿಮ್ಮ ಹೊಲದ ಮಣ್ಣನ್ನೇ ಬೇರೆಯಾಗಿ ಕೊಡಿಸಿ.

ಮಾದರಿ ತೆಗೆಯುವುದು

ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 800 ಟನ್ ತೂಗುತ್ತದೆ. ಸಾವಯವ ಇಂಗಾಲದ ಪರೀಕ್ಷೆಗೆ ಲ್ಯಾಬ್ ಬಳಸುವುದು ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ. ಆ ಒಂದು ಗ್ರಾಂ ಇಡೀ ಎಕರೆಯ ಪರವಾಗಿ ಉತ್ತರ ಹೇಳಬೇಕು. ಬದುವಿನ ಪಕ್ಕದಿಂದ ಎರಡು ಹಿಡಿ ಮಣ್ಣು ತುಂಬಿಕೊಂಡು ಹೋಗಿ, ವರದಿ ತಪ್ಪು ಬಂತು ಎಂದು ಲ್ಯಾಬಿನವರನ್ನು ಬೈದರೆ ಪ್ರಯೋಜನವಿಲ್ಲ.

ಕಡಲೆ ಕಿತ್ತು, ಬಿಳಿಜೋಳ ಕೊಯ್ದ ಮೇಲೆ ಫೆಬ್ರುವರಿ-ಮಾರ್ಚ್ ಸರಿಯಾದ ಹೊತ್ತು. ಮೇ ತಿಂಗಳವರೆಗೆ ಕಾದರೆ ಎರಿ ಹೊಲದಲ್ಲಿ ಹಾರಿ ಇಲ್ಲದೆ ತಗ್ಗು ಬೀಳುವುದಿಲ್ಲ. ಬಿರುಕುಗಳೊಳಗೆ ಮೇಲಿನ ಪುಡಿಮಣ್ಣು ಇಳಿದು ಮಾದರಿಯೂ ಕೆಡುತ್ತದೆ. ವರದಿ ಬರಲು ವಾರಗಳು ಹಿಡಿಯಬಹುದು, ಹೆಸರು ಬಿತ್ತನೆ ಜೂನ್ ಮೊದಲ ಮಳೆಗೇ ಶುರುವಾಗುತ್ತದೆ. ಬಿತ್ತಿದ ಮೇಲೆ ಬಂದ ವರದಿಯಿಂದ ಆ ವರ್ಷದ ಅಡಿಗೊಬ್ಬರಕ್ಕೆ ಏನೂ ಉಪಯೋಗವಿಲ್ಲ.

ಮೊದಲು ಹೊಲವನ್ನು ಮಣ್ಣಿನ ಬಣ್ಣ, ಇಳಿಜಾರು, ಹಿಂದಿನ ಬೆಳೆ ನೋಡಿ ಭಾಗ ಮಾಡಿ. ಎರಿ-ಮಸಾರಿ ಎರಡನ್ನೂ ಒಂದೇ ಚೀಲಕ್ಕೆ ಹಾಕಬಾರದು. ಪ್ರತಿ ಭಾಗದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತು-ಹದಿನೈದು ಜಾಗ ಗುರುತಿಸಿ. ಬದುವಿನ ಅಂಚು, ಮರದ ನೆರಳು, ತಿಪ್ಪೆ ಇದ್ದ ಜಾಗ, ಕುರಿ ನಿಲ್ಲಿಸಿದ ಜಾಗ, ನೀರಿನ ಕಾಲುವೆ, ಕಣ ಮಾಡಿದ ಜಾಗ ಇವೆಲ್ಲ ಬಿಡಿ. ಇತ್ತೀಚೆಗೆ ಗೊಬ್ಬರ ಹಾಕಿದ ಹೊಲವನ್ನೂ ಆಗ ಮುಟ್ಟಬೇಡಿ. ಹತ್ತಿ, ಮೆಣಸಿನಕಾಯಿಯ ಹೊಲವಾದರೆ ಗೊಬ್ಬರ ಬಿದ್ದ ಸಾಲನ್ನು ಬಿಟ್ಟು ಸಾಲುಗಳ ನಡುವಿನ ಮಣ್ಣು ತೆಗೆಯಿರಿ. ಇಲ್ಲವಾದರೆ ರಂಜಕದ ಅಂಕಿ ಸುಳ್ಳೇ ಏರುತ್ತದೆ.

ಪ್ರತಿ ಜಾಗದಲ್ಲಿ ಮೇಲಿನ ಕಸ-ಕಡ್ಡಿ ಸರಿಸಿ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಆರು ಇಂಚು ಆಳ ತಗ್ಗು ತೆಗೆಯಿರಿ. ತಗ್ಗಿನಿಂದ ಎತ್ತಿದ ಮಣ್ಣನ್ನು ಬಿಸಾಕಿ. ನಂತರ ತಗ್ಗಿನ ಒಂದು ಬದಿಯಿಂದ ಮೇಲಿನಿಂದ ಬುಡದವರೆಗೆ ಒಂದೇ ದಪ್ಪದ, ಒಂದು ಇಂಚಿನ ಪದರು ಕೆತ್ತಿ. ಮೇಲೆ ದಪ್ಪ, ಕೆಳಗೆ ತೆಳು ಆದರೆ ಮೇಲ್ಪದರದ ಫಲವತ್ತತೆಯೇ ಹೆಚ್ಚು ಬಂದು ಇಂಗಾಲ, ರಂಜಕ ಎರಡೂ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತವೆ. ಮಾವು, ಚಿಕ್ಕು ತೋಟಕ್ಕೆ ಆರು ಇಂಚು ಸಾಲದು. ಒಂದು, ಎರಡು, ಮೂರು ಅಡಿಗೆ ಪ್ರತ್ಯೇಕ ಮಾದರಿ ಬೇಕು.

ಸಂಗ್ರಹಕ್ಕೆ ಪ್ಲಾಸ್ಟಿಕ್ ಬಕೆಟ್ ಇರಲಿ. ತಗಡಿನ ಬಕೆಟ್‌ಗೆ ಸತುವಿನ ಲೇಪ ಇರುತ್ತದೆ, ಸೂಕ್ಷ್ಮ ಪೋಷಕಾಂಶ ಪರೀಕ್ಷೆ ಅಲ್ಲೇ ಕೆಟ್ಟಿತು. ತುಕ್ಕು ಹಿಡಿದ ಸನಿಕೆಯೂ ಹಾಗೆಯೇ, ಅದು ಕಬ್ಬಿಣದ ಅಂಕಿ ಕೆಡಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪು ಖಾಲಿ ಯೂರಿಯಾ ಅಥವಾ ಡಿಎಪಿ ಚೀಲದ ಮೇಲೆ ಮಣ್ಣು ಹರಡಿ ಒಣಗಿಸುವುದು. ಚೀಲದಲ್ಲಿ ಉಳಿದ ನಾಲ್ಕು ಹರಳು ಸಾಕು, ಇಡೀ ಪರೀಕ್ಷೆ ವ್ಯರ್ಥ. ಹೆಂಟೆ ಒಡೆದು, ಕಲ್ಲು-ಬೇರು ತೆಗೆದು, ಚೆನ್ನಾಗಿ ಬೆರೆಸಿ ವೃತ್ತಾಕಾರ ಹರಡಿ ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ತೆಗೆದುಹಾಕಿ ಉಳಿದದ್ದನ್ನು ಮತ್ತೆ ಬೆರೆಸಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆ ಮಾಡಿ, ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲಕ್ಕೆ ಹಾಕಿ. ಹೆಸರು, ಊರು, ಸರ್ವೆ ನಂಬರ್, ನೀರಾವರಿಯೋ ಮಳೆಯಾಶ್ರಿತವೋ, ಹಿಂದಿನ ಬೆಳೆ, ಮುಂದೆ ಹಾಕುವ ಬೆಳೆ ಬರೆದ ಚೀಟಿ ಚೀಲದ ಒಳಗೊಂದು, ಹೊರಗೊಂದು ಇರಬೇಕು. ಮುಂದಿನ ಬೆಳೆ ಬರೆಯದಿದ್ದರೆ ಶಿಫಾರಸು ನಿಮ್ಮ ಬೆಳೆಯದ್ದಾಗಿರದು.

ವರದಿ ಬಂದಾಗ ಮೊದಲು ನೋಡಬೇಕಾದ ಸಾಲು

ಹೆಚ್ಚಿನವರು ನೇರವಾಗಿ ಸಾರಜನಕ-ರಂಜಕ-ಪೊಟ್ಯಾಷ್ ಕಡೆ ನೋಡುತ್ತಾರೆ. ನಮ್ಮ ಸಲಹೆ, ಮೊದಲು ಸಾವಯವ ಇಂಗಾಲ ನೋಡಿ. ಶೇ 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ, 0.5ರಿಂದ 0.75 ಮಧ್ಯಮ, ಅದಕ್ಕೂ ಮೇಲೆ ಉತ್ತಮ. ಇದು ಕಡಿಮೆ ಇರುವ ಹೊಲದಲ್ಲಿ ನೀವು ಹಾಕಿದ ಗೊಬ್ಬರವನ್ನು ಹಿಡಿದಿಟ್ಟುಕೊಂಡು ಬೆಳೆಗೆ ಬೇಕಾದಾಗ ಕೊಡುವ ವ್ಯವಸ್ಥೆಯೇ ಸೊರಗಿರುತ್ತದೆ. ಮಸಾರಿಯಲ್ಲಿ ಎರಡು ಮಳೆಯ ನಡುವೆ ಎಂಟು-ಹತ್ತು ದಿನ ಅಂತರ ಬಿದ್ದರೆ ಗೋವಿನಜೋಳ ಬೇಗ ಬಾಡುವುದಕ್ಕೆ, ಎರಿಯಲ್ಲಿ ಜೋರು ಮಳೆಯ ನಂತರ ಮೇಲೆ ಹೆಪ್ಪುಗಟ್ಟಿ ಸಸಿ ಏಳದಿರುವುದಕ್ಕೆ ಈ ಅಂಕಿಯ ಜೊತೆ ನೇರ ಸಂಬಂಧವಿದೆ.

ನಮ್ಮ ಕಡೆ ಇದು ಕಡಿಮೆ ಇರುವುದಕ್ಕೆ ಕಾರಣ ಸ್ಪಷ್ಟ. ಬಿಸಿಲು ಹೆಚ್ಚು, ಹರಗುವುದು ಹೆಚ್ಚು, ಹೊಲದಿಂದ ಹೊರಗೆ ಹೋಗುವುದೂ ಹೆಚ್ಚು. ಜೋಳದ ಕಣಿಕೆ ದನಕ್ಕೆ, ಕಡಲೆ ಹೊಟ್ಟು ದನಕ್ಕೆ, ಹತ್ತಿ ಕಟ್ಟಿಗೆ ಒಲೆಗೆ ಅಥವಾ ಬೆಂಕಿಗೆ. ದನಗಳು ಕಡಿಮೆಯಾದ ಮೇಲೆ ತಿಪ್ಪೆಯಿಂದ ಮರಳಿ ಬರುವುದೂ ನಿಂತಿದೆ.

ಇದನ್ನು ಏರಿಸುವುದು ನಿಧಾನದ ಕೆಲಸ. ಲೆಕ್ಕ ಹಾಕಿ ನೋಡಿ. ಎಕರೆಯ 800 ಟನ್ ಮಣ್ಣಿನಲ್ಲಿ ಇಂಗಾಲ ಶೇ 0.1ರಷ್ಟು ಏರಬೇಕೆಂದರೆ 800 ಕಿಲೋ ಇಂಗಾಲ ಮಣ್ಣಲ್ಲಿ ನಿಲ್ಲಬೇಕು. ಎರಡು ಟನ್ ತಿಪ್ಪೆಗೊಬ್ಬರದಲ್ಲಿ ತೇವ ಕಳೆದು ಇಂಗಾಲ ಇರುವುದು ಸುಮಾರು 200ರಿಂದ 250 ಕಿಲೋ. ಅದರಲ್ಲಿ ಹೆಚ್ಚಿನ ಪಾಲನ್ನು ಸೂಕ್ಷ್ಮಜೀವಿಗಳು ಒಂದೆರಡು ವರ್ಷದೊಳಗೆ ಉಸಿರಾಡಿ ಗಾಳಿಗೆ ಬಿಡುತ್ತವೆ, ಮಣ್ಣಲ್ಲಿ ನಿಲ್ಲುವುದು ಸ್ವಲ್ಪ ಭಾಗ. ಒಂದು ಹಂಗಾಮಿನಲ್ಲಿ ಇಂಗಾಲ ದುಪ್ಪಟ್ಟು ಮಾಡುತ್ತೇವೆ ಎಂದು ಒಂದು ಲೀಟರ್ ಬಾಟಲಿ ಮಾರುವವರು ಬಂದರೆ ಈ ಲೆಕ್ಕವನ್ನೇ ಅವರ ಮುಂದಿಡಿ. ಪ್ರತಿ ವರ್ಷ ತಿಪ್ಪೆಗೊಬ್ಬರ, ಹೆಸರಿನ ಕಾಯಿ ಬಿಡಿಸಿದ ಮೇಲೆ ಬಳ್ಳಿಯನ್ನು ಹೊಲದಲ್ಲೇ ಮಗುಚುವುದು, ನೀರಿದ್ದ ಕಡೆ ಸೆಣಬು ಅಥವಾ ಡಯಾಂಚ ಬಿತ್ತಿ ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು, ಗೋವಿನಜೋಳದ ದಂಟನ್ನು ಸುಡದೆ ಕತ್ತರಿಸಿ ಬಿಡುವುದು, ಇವು ಕೂಡಿ ಕೆಲವು ವರ್ಷಗಳಲ್ಲಿ ಅಂಕಿಯನ್ನು ಅಲುಗಿಸುತ್ತವೆ. ದಂಟು ಬಿಟ್ಟ ಹೊಲದಲ್ಲಿ ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಸಾರಜನಕ ಎಳೆದುಕೊಳ್ಳುವುದರಿಂದ ಮುಂದಿನ ಬೆಳೆ ಮೊದಲ ಕೆಲವು ವಾರ ಹಳದಿಯಾಗಬಹುದು. ಮಗುಚುವಾಗಲೇ ಸ್ವಲ್ಪ ಯೂರಿಯಾ ಎರಚಿದರೆ ಅದು ತಪ್ಪುತ್ತದೆ.

ಉಳಿದ ಅಂಕಿಗಳು, ಅವುಗಳ ಬಲೆಗಳು

ಪಿಎಚ್ 6.5ರಿಂದ 7.5 ಇದ್ದರೆ ತಟಸ್ಥ. ಎರಿಯಲ್ಲಿ 8ರ ಮೇಲೆ ಬರುವುದು ಸಾಮಾನ್ಯ, ಗಾಬರಿ ಬೇಡ. 8.5 ದಾಟಿದರೆ ಸೋಡಿಯಂ ಸಂಶಯ ಪಡಬೇಕು. ಇಸಿ 1ಕ್ಕಿಂತ ಕಡಿಮೆ ಇದ್ದರೆ ಉಪ್ಪಿನ ತೊಂದರೆ ಇಲ್ಲ.

ರಂಜಕದಲ್ಲಿ ಎಚ್ಚರ ಬೇಕು. ಕೆಲವು ವರದಿಗಳು ರಂಜಕವನ್ನು ಧಾತುವಿನ ಲೆಕ್ಕದಲ್ಲಿ, ಕೆಲವು ಪೆಂಟಾಕ್ಸೈಡ್ (ರಂಜಕ ಆಮ್ಲಜನಕದೊಡನೆ ಕೂಡಿದ ರೂಪ) ಲೆಕ್ಕದಲ್ಲಿ ಕೊಡುತ್ತವೆ. ಧಾತುವನ್ನು 2.29ರಿಂದ ಗುಣಿಸಿದರೆ ಪೆಂಟಾಕ್ಸೈಡ್. ಹೆಕ್ಟೇರಿಗೆ 12 ಕಿಲೋ ಎಂದು ಬಂದರೆ ಧಾತುವಿನ ಲೆಕ್ಕದಲ್ಲಿ ಅದು ಮಧ್ಯಮ, ಏಕೆಂದರೆ ಅಲ್ಲಿ 10ರಿಂದ 25 ಮಧ್ಯಮ. ಪೆಂಟಾಕ್ಸೈಡ್ ಲೆಕ್ಕದಲ್ಲಿ ಅದೇ 12 ತೀರಾ ಕಡಿಮೆ. ಇನ್ನೊಂದು ಪ್ರಶ್ನೆ ಕೇಳಿ: ಯಾವ ವಿಧಾನ? ಎರಿಯಂಥ ಸುಣ್ಣದ, ಕ್ಷಾರ ಮಣ್ಣಿಗೆ ಓಲ್ಸನ್ ವಿಧಾನ ಬೇಕು. ಹುಳಿ ಮಣ್ಣಿಗೆ ಹೇಳಿದ ಬ್ರೇ ವಿಧಾನದ ಆಮ್ಲವನ್ನು ಎರಿಯ ಸುಣ್ಣವೇ ಮುಗಿಸಿಬಿಡುತ್ತದೆ, ಅಂಕಿಗೆ ಅರ್ಥವಿರುವುದಿಲ್ಲ. ಈ ಪ್ರಶ್ನೆಗೆ ತಟ್ಟನೆ ಉತ್ತರ ಕೊಡುವ ಲ್ಯಾಬ್ ಆದರೆ ನಂಬಿಕೆಗೆ ಅರ್ಹ.

ಸಾರಜನಕವೇ ಇಡೀ ಸೇವೆಯ ಬಲಹೀನ ಕೊಂಡಿ. ಮಣ್ಣಿನ ನೈಟ್ರೇಟ್ ಮಳೆಯ ಜೊತೆ ಇಳಿಯುತ್ತದೆ, ಫೆಬ್ರುವರಿಯ ಅಂಕಿ ಜುಲೈನಲ್ಲಿ ಹಾಗೇ ಇರುವುದಿಲ್ಲ. ಎಷ್ಟೋ ಕಡೆ ಅದನ್ನು ಪ್ರತ್ಯೇಕ ಅಳೆಯದೆ ಸಾವಯವ ಇಂಗಾಲದಿಂದಲೇ ಅಂದಾಜು ಮಾಡುತ್ತಾರೆ. ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆ ಎಂದು ಬರುವುದು ನಮ್ಮ ಹೊಲಗಳಲ್ಲಿ ಸಾಮಾನ್ಯ. ಯೂರಿಯಾವನ್ನು ಒಂದೇ ಸಲ ಸುರಿಯದೆ ಎರಡು-ಮೂರು ಕಂತಿನಲ್ಲಿ, ತೇವ ನೋಡಿ ಕೊಡುವುದೇ ಇಲ್ಲಿ ಅಂಕಿಗಿಂತ ಮುಖ್ಯ.

ಪೊಟ್ಯಾಷ್ ಎರಿಯಲ್ಲಿ ಸಾಮಾನ್ಯವಾಗಿ ಹೇರಳ. ಸತುವಿಗೆ 0.6, ಕಬ್ಬಿಣಕ್ಕೆ 4.5, ಬೋರಾನ್‌ಗೆ 0.5, ಗಂಧಕಕ್ಕೆ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಅಳತೆ) ಗಡಿ, ಅದರ ಕೆಳಗಿದ್ದರೆ ಕೊರತೆ. ಸತುವಿನ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಬೇಡಿ, ಎರಡೂ ಸೇರಿ ಬೆಳೆಗೆ ಸಿಗದ ರೂಪಕ್ಕೆ ತಿರುಗುತ್ತವೆ. ತಿಪ್ಪೆಗೊಬ್ಬರದಲ್ಲಿ ಬೆರೆಸಿ ಹಾಕಿ. ಕಬ್ಬಿಣದ ಕೊರತೆಗೆ ಸುಣ್ಣದ ಎರಿಯಲ್ಲಿ ಮಣ್ಣಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿದರೆ ಬೇಗ ನಿಷ್ಕ್ರಿಯವಾಗುತ್ತದೆ. ಶೇಂಗಾದ ಎಳೆ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಸ್ವಲ್ಪ ಸಿಟ್ರಿಕ್ ಆಮ್ಲ ಬೆರೆಸಿ ಎಲೆಗೇ ಸಿಂಪಡಿಸಿ. ಬೋರಾನ್ ಮಾತ್ರ ಶಿಫಾರಸಿಗಿಂತ ಒಂದು ಹಿಡಿಯೂ ಹೆಚ್ಚಾಗಬಾರದು, ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು.

ಅಂಕಿಯಿಂದ ಚೀಲಕ್ಕೆ

ಶಿಫಾರಸು ಹೆಕ್ಟೇರಿಗೆ ಇರುತ್ತದೆ, ಎರಡೂವರೆಯಿಂದ ಭಾಗಿಸಿ ಎಕರೆಗೆ ಇಳಿಸಿ. ಉದಾಹರಣೆಗೆ ಒಂದು ಬೆಳೆಗೆ ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ (ಗೊಬ್ಬರದ ಲೆಕ್ಕದಲ್ಲಿ ಇದು ಪೆಂಟಾಕ್ಸೈಡ್) ಎಂದಿದ್ದರೆ ಎಕರೆಗೆ 10 ಮತ್ತು 20. ಡಿಎಪಿಯ 50 ಕಿಲೋ ಚೀಲದಲ್ಲಿ ಸಾರಜನಕ 9, ರಂಜಕ 23 ಕಿಲೋ. ಒಂದು ಚೀಲಕ್ಕಿಂತ ಕಡಿಮೆಯಲ್ಲೇ ರಂಜಕದ ಕೆಲಸ ಮುಗಿಯಿತು. ವರದಿಯಲ್ಲಿ ರಂಜಕ ಹೆಚ್ಚು ಎಂದಿದ್ದರೆ ಸಾಮಾನ್ಯವಾಗಿ ಕಾಲು ಭಾಗ ಕಡಿತ, ಕಡಿಮೆ ಎಂದಿದ್ದರೆ ಕಾಲು ಭಾಗ ಹೆಚ್ಚಳ. ಕಡಿತವಾದರೆ 15 ಕಿಲೋ ರಂಜಕಕ್ಕೆ 33 ಕಿಲೋ ಡಿಎಪಿ ಸಾಕು. ಚೀಲಕ್ಕೆ 1,350 ರೂಪಾಯಿ ಕೊಟ್ಟು ಎಕರೆಗೆ ಇಡೀ ಚೀಲ ಹಾಕುತ್ತಿದ್ದ ರೈತನಿಗೆ ಪ್ರತಿ ಎಕರೆಯಲ್ಲಿ ಚೀಲದ ಮೂರನೇ ಒಂದು ಭಾಗ ಉಳಿಯುತ್ತದೆ. ಗಂಧಕದ ಕೊರತೆಯೂ ಇದ್ದರೆ ಡಿಎಪಿ ಬಿಟ್ಟು ಸಿಂಗಲ್ ಸೂಪರ್ ಫಾಸ್ಫೇಟ್ ಕಡೆ ಹೋಗಿ. 125 ಕಿಲೋ ಸೂಪರ್‌ನಲ್ಲಿ 20 ಕಿಲೋ ರಂಜಕದ ಜೊತೆ ಸುಮಾರು 14 ಕಿಲೋ ಗಂಧಕ ಸಿಗುತ್ತದೆ. ಸಾರಜನಕಕ್ಕೆ 22 ಕಿಲೋ ಯೂರಿಯಾ ಪ್ರತ್ಯೇಕ. ಶೇಂಗಾ, ಕುಸುಬೆ, ಉಳ್ಳಾಗಡ್ಡಿಗೆ ಇದು ಒಳ್ಳೆಯ ಜೋಡಿ. ಯಾವುದೇ ರಂಜಕದ ಗೊಬ್ಬರವಿರಲಿ, ಎರಿಯಲ್ಲಿ ಎರಚಿದರೆ ಸುಣ್ಣ ಹಿಡಿದುಕೊಳ್ಳುತ್ತದೆ. ಕೂರಿಗೆಯಲ್ಲಿ ಬೀಜದ ಪಕ್ಕ, ಬೀಜಕ್ಕಿಂತ ಎರಡು ಇಂಚು ಕೆಳಗೆ ಬೀಳುವಂತೆ ನೋಡಿಕೊಳ್ಳಿ.

ಕಾರ್ಡ್ ಹೇಳದೆ ಬಿಡುವುದು

ಎಲ್ಲ ಹನ್ನೆರಡು ಅಂಕಿಗಳೂ ಸರಿಯಿದ್ದು ಬೆಳೆ ಸೊರಗಿದ ಹೊಲಗಳಿರುತ್ತವೆ. ಹಸಿ ಇರುವಾಗಲೇ ಟ್ರ್ಯಾಕ್ಟರ್ ಇಳಿಸಿ ಪ್ರತಿ ವರ್ಷ ರೋಟವೇಟರ್ ಹೊಡೆದ ಕಡೆ ನಾಲ್ಕೈದು ಇಂಚಿನ ಕೆಳಗೆ ಗಟ್ಟಿ ಪದರ ಕಟ್ಟಿರುತ್ತದೆ. ಒಳ್ಳೆ ಮಳೆಯಾದ ಎರಡು ದಿನಕ್ಕೆ ಬೆರಳು ದಪ್ಪದ ಕಬ್ಬಿಣದ ಸರಳನ್ನು ಕೈಯಿಂದ ಒತ್ತಿ ನೋಡಿ. ಹತ್ತು ಕಡೆ ಒಂದೇ ಆಳಕ್ಕೆ ತಡೆದರೆ ಪದರ ಇದೆ. ಹತ್ತಿ ಗಿಡ ಕಿತ್ತಾಗ ತಾಯಿಬೇರು ಕೆಳಗಿಳಿಯದೆ ಅಡ್ಡ ತಿರುಗಿದ್ದರೂ ಅದೇ ಸೂಚನೆ. ಇದನ್ನು ಒಡೆಯುವುದು ಬೇಸಗೆಯಲ್ಲಿ, ಮಣ್ಣು ಒಣಗಿದ್ದಾಗ, ಸಬ್‌ಸಾಯಿಲರ್‌ನಿಂದ. ಹಸಿ ಮಣ್ಣಲ್ಲಿ ಹೊಡೆದರೆ ಪದರ ಒಡೆಯದೆ ಸೀಳಿ ಮತ್ತೆ ಕೂಡುತ್ತದೆ.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಎಂದೂ ಉಳದ ಬದುವಿನ ಹುಲ್ಲಿನ ಬುಡದಿಂದ ಒಂದು, ಹೊಲದ ನಡುವಿನಿಂದ ಒಂದು ಬಟಾಣಿ ಗಾತ್ರದ ಒಣ ಹೆಂಟೆ ತೆಗೆದುಕೊಳ್ಳಿ. ಎರಡು ಗಾಜಿನ ಲೋಟದಲ್ಲಿ ಮಳೆನೀರು ಹಾಕಿ ಮೆಲ್ಲಗೆ ಬಿಡಿ. ಕಲಕಬೇಡಿ. ಬದುವಿನದು ಗಟ್ಟಿಯಾಗಿ ನಿಂತು ಹೊಲದ್ದು ಹತ್ತು ನಿಮಿಷದಲ್ಲಿ ಕುಸಿದರೆ ಉಳುಮೆಯಿಂದ ಕಳೆದುಕೊಂಡದ್ದು ಏನೆಂದು ಕಣ್ಣಿಗೇ ಕಾಣುತ್ತದೆ. ಕೆಲವು ತಾಸಿನ ನಂತರವೂ ಹೆಂಟೆಯ ಸುತ್ತ ಹಾಲಿನಂಥ ಮಸುಕು ಇಳಿಯದೆ ನಿಂತರೆ ಅದು ಸೋಡಿಯಂ ಲಕ್ಷಣ. ಬೋರ್‌ವೆಲ್ ನೀರು ಬಳಸಬೇಡಿ, ಅದರ ಉಪ್ಪು ಈ ಲಕ್ಷಣವನ್ನು ಮುಚ್ಚಿಹಾಕುತ್ತದೆ.

ಮಲಪ್ರಭಾ ಕಾಲುವೆಯ ನವಲಗುಂದ, ನರಗುಂದ, ರೋಣ ಭಾಗದ ರೈತರು ಈ ಪರೀಕ್ಷೆ ಮಾಡಲೇಬೇಕು. ಅಲ್ಲಿ ಸವಳು-ಜವಳು ಹಳೆಯ ಸಮಸ್ಯೆ. ಮೇಲೆ ಬಿಳಿ ಉಪ್ಪು ಕಂಡರೆ ಸವಳು, ನೀರು ನಿಂತು ಕಪ್ಪು ಜಿಡ್ಡಿನ ಪೊರೆ ಕಂಡರೆ ಸೋಡಿಯಂ. ಸೋಡಿಯಂ ಇದ್ದ ಹೊಲಕ್ಕೆ ಸಾಮಾನ್ಯ ಕಾರ್ಡ್ ಸಾಲದು. ವಿನಿಮಯ ಸೋಡಿಯಂ (ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ) ಪ್ರಮಾಣ ಮತ್ತು ಜಿಪ್ಸಂ ಅಗತ್ಯವನ್ನು ಪ್ರತ್ಯೇಕ ಕೇಳಿ ಬರೆಸಿ, ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ವಿಚಾರಿಸಿ. ಬಸಿಗಾಲುವೆ ತೋಡದೆ ಜಿಪ್ಸಂ ಸುರಿದರೆ ಬಿಡುಗಡೆಯಾದ ಸೋಡಿಯಂ ಅಲ್ಲೇ ಉಳಿದು ಹಣ ಮಣ್ಣುಪಾಲು.

ಯಾವುದಕ್ಕೆ ಎಲ್ಲಿಗೆ

ಮೂರು ವರ್ಷಕ್ಕೊಮ್ಮೆ ಸಾಮಾನ್ಯ ತಪಾಸಣೆಗೆ ರೈತ ಸಂಪರ್ಕ ಕೇಂದ್ರದ ದಾರಿ ಸಾಕು, ಹತ್ತಿರವೂ ಹೌದು. ಬ್ಯಾಡಗಿ ಮೆಣಸಿನಕಾಯಿ, ಬೀಜೋತ್ಪಾದನೆಯ ಹತ್ತಿ, ತೋಟ ಇವುಗಳಲ್ಲಿ ಎಕರೆಗೆ ಹಾಕುವ ಹಣ ಹೆಚ್ಚು. ಅಂಥವರು ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ವಿಶ್ವವಿದ್ಯಾಲಯಕ್ಕೆ ಖುದ್ದಾಗಿ ಹೋಗಿ ವಿಜ್ಞಾನಿಗಳ ಎದುರು ವರದಿ ಓದಿಸಿಕೊಂಡು ಬರುವುದು ಲಾಭ. ಭೋಪಾಲದ ಭಾರತೀಯ ಮಣ್ಣು ವಿಜ್ಞಾನ ಸಂಸ್ಥೆ ರೂಪಿಸಿದ ಮೃದಾಪರೀಕ್ಷಕ್ ಎಂಬ ಪುಟ್ಟ ಲ್ಯಾಬ್ ಇರುವ ಕಡೆ ಫಲಿತಾಂಶ ಬೇಗ ಸಿಗುತ್ತದೆ, ಕಡಿಮೆ-ಮಧ್ಯಮ-ಹೆಚ್ಚು ಎಂಬ ತೀರ್ಮಾನಕ್ಕೆ ಅದು ಸಾಕು.

ಮಣ್ಣಿಗೆ ಚುಚ್ಚಿದ ಕೂಡಲೇ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ತೋರಿಸುತ್ತೇವೆ ಎನ್ನುವ ಅಗ್ಗದ ಮೀಟರುಗಳಿಗೆ ದುಡ್ಡು ಹಾಕಬೇಡಿ. ಒಳಗೆ ಅವು ಅಳೆಯುವುದು ವಿದ್ಯುತ್ ವಾಹಕತೆಯನ್ನು, ಉಳಿದದ್ದು ಅದರಿಂದ ಕಟ್ಟಿದ ಅಂದಾಜು. ಒಣಗಿ ಬಿರಿದ ಎರಿಯಲ್ಲಿ ಒಂದು ಅಂಕಿ, ಅದೇ ಜಾಗಕ್ಕೆ ಒಂದು ಲೋಟ ನೀರು ಹಾಕಿದರೆ ಇನ್ನೊಂದು ಅಂಕಿ. ಅದೇ ದುಡ್ಡಿನಲ್ಲಿ ಬೋರ್‌ವೆಲ್ ನೀರಿನ ಪರೀಕ್ಷೆ ಮಾಡಿಸಿ. ಮಣ್ಣಿನ ಚೀಲದ ಜೊತೆಗೇ ಒಂದು ಲೀಟರ್ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ, ಮೋಟರ್ ಅರ್ಧ ತಾಸು ಓಡಿಸಿದ ಮೇಲೆ ಹಿಡಿದ ನೀರು ಕೊಡಿ. ಬಾಟಲಿಯನ್ನು ಅದೇ ನೀರಿನಿಂದ ಎರಡು ಸಲ ತೊಳೆದು, ಗಾಳಿ ಉಳಿಯದಂತೆ ತುಂಬಿ ಬಿರಡೆ ಬಿಗಿಯಿರಿ.